ಅಟಾಮಿಯಲ್ಲೊಂದು ಗಡಿ

ಜಪಾನಿಗೆ ನೆಲದ ಗಡಿಯೇ ಇಲ್ಲ ಅಂತೀರಾ? ಪ್ಯಾಸೆಂಜರ್ ಗಾಡಿಗಳಿಗೆ ಮಾತ್ರ ನಡೆಯೋ ಅಗ್ಗದ 'ಸೇಶುನ್ 18' ಟಿಕೆಟ್ ಹಿಡಿದು ಟೋಕಿಯೋದಿಂದ ಒಸಾಕಾಕ್ಕೆ ಹೊರಡಿ, ಗೊತ್ತಾಗುತ್ತೆ. 1987ರಲ್ಲಿ ಸರ್ಕಾರಿ ರೈಲ್ವೆಯನ್ನು ಒಡೆದು ಬೇರೆ ಬೇರೆ ಕಂಪನಿ ಮಾಡಿದರಲ್ಲ, ಅಂಥದ್ದೊಂದು ಎಲ್ಲೆ ಅಟಾಮಿಯಲ್ಲಿದೆ. ಅಲ್ಲಿಳಿದು ಬೇರೆ ರೈಲು ಹತ್ತಿದರೆ ಶಿಜುವೊಕಾ ಸೀಮೆ ಮುಗಿಯೋದೇ ಇಲ್ಲ. ಗೋಡೆಗೆ ಬೆನ್ನು ಹಚ್ಚಿದ ಉದ್ದ ಬೆಂಚು, ಸ್ಟೇಷನ್ನಿಗೊಂದು ನಿಲುಗಡೆ. ಶಿಂಕಾನ್ಸೆನ್ನಿನ ಎರಡೂವರೆ ಗಂಟೆ ದಾರಿಗೆ ಸುಮಾರು ಒಂಬತ್ತು ಗಂಟೆ!

ಸೊಂಟ ಹೇಗೋ ಸಹಿಸುತ್ತೆ ಮಾರಾಯ್ರೆ. ಮೊದಲೆಲ್ಲ 12,050 ಯೆನ್ನಿನ ಒಂದೇ ಟಿಕೆಟ್ಟಲ್ಲಿ ಐದು ಜನ ಒಂದು ದಿನ ಓಡಾಡಬಹುದಿತ್ತು, ತಲೆಗೆ 2,410. 2024ರ ಚಳಿಗಾಲದಲ್ಲಿ ನಿಯಮ ಬದಲಾಯ್ತು: ಒಬ್ಬರಿಗೊಂದು, ದಿನಗಳೂ ಸತತ. ಮೂರು ದಿನದ್ದಕ್ಕೆ 10,000. ಮಕ್ಕಳಿಗೆ ಅರ್ಧ ಟಿಕೆಟ್ಟಿಲ್ಲ. ನಾಲ್ವರ ಸಂಸಾರಕ್ಕೆ 40,000 ಆಯ್ತು, ಲೆಕ್ಕ ಹಾಕಿ.