ನವೆಂಬರ್ 26: ಯಾವುದು ಕಾಕತಾಳೀಯ, ಯಾವುದು ಆಯ್ಕೆ?

ಪ್ರತಿ ವರ್ಷ ನವೆಂಬರ್ 26ರ ಬೆಳಗ್ಗೆ ವಾಟ್ಸ್ಆ್ಯಪ್‌ಗೆ ಒಂದು ಕಾರ್ಡ್ ಬರುತ್ತೆ: 'ಇತಿಹಾಸದಲ್ಲಿ ಈ ದಿನ'. 1921, ವರ್ಗೀಸ್ ಕುರಿಯನ್ ಜನನ. 1949, ಸಂವಿಧಾನ ಅಂಗೀಕಾರ. 2008, ಮುಂಬೈ ಮೇಲೆ ಉಗ್ರರ ದಾಳಿ. ಎಲ್ಲವೂ ಒಂದೇ ಸೈಜಿನ ಅಕ್ಷರದಲ್ಲಿ, ಕೆಳಗೆ ಯಾವುದೋ ವಾರ್ಡಿನ ಮುಖಂಡರು ಕೈಮುಗಿದು ನಿಂತ ಫೋಟೊ. ಓದ್ತೀವಿ, ಮುಂದಕ್ಕೆ ಸ್ಕ್ರಾಲ್ ಮಾಡ್ತೀವಿ. ಆದರೆ ಈ ಪಟ್ಟಿಯಲ್ಲಿ ಇರುವುದೆಲ್ಲ ಒಂದೇ ರೀತಿಯಲ್ಲಿ ಈ ತಾರೀಖಿಗೆ ಬಂದು ಕೂತಿಲ್ಲ. ಕೆಲವು ತಾವಾಗಿ ಬಿದ್ದವು. ಕೆಲವನ್ನು ಯೋಚನೆ ಮಾಡಿಯೇ ತಂದು ಇಟ್ಟರು. ರಾಜಕೀಯ ಇರುವುದು ಆ ಎರಡನೆಯದರಲ್ಲಿ.

ಮೊದಲು ತಾವಾಗಿ ಬಿದ್ದವುಗಳನ್ನು ಮುಗಿಸೋಣ. ಎಂಜಿನಿಯರಿಂಗ್‌ನಲ್ಲಿ ಕಲಿತದ್ದರಲ್ಲಿ ನನಗೆ ಇನ್ನೂ ನೆನಪಿರುವ ಕೆಲವೇ ಸಂಗತಿಗಳಲ್ಲಿ ಇದೊಂದು: ಒಂದು ಕೋಣೆಯಲ್ಲಿ ಬರೀ 23 ಜನ ಇದ್ದರೆ ಸಾಕು, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಯಾಕಂದರೆ 23 ಜನರಲ್ಲಿ 253 ಜೋಡಿಗಳಿರುತ್ತವೆ. ಇನ್ನು ನೂರಾರು ವರ್ಷಗಳ ಇತಿಹಾಸವನ್ನೆಲ್ಲ ತಂದು 366 ಡಬ್ಬಿಗಳಿಗೆ ತುಂಬಿದರೆ, ಪ್ರತಿ ಡಬ್ಬಿಯಲ್ಲೂ ಒಬ್ಬ ಮಹಾನುಭಾವ, ಒಂದು ಯುದ್ಧ, ಒಂದು ದುರಂತ ಸಿಕ್ಕೇ ಸಿಗುತ್ತೆ. ಗುರುದತ್ತ್ ಸಿನಿಮಾಗಳ ನೆರಳು ಬೆಳಕು ಕಟ್ಟಿಕೊಟ್ಟ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಹುಟ್ಟಿದ್ದೂ 1923ರ ಇದೇ ದಿನ. ಖುಷಿಯ ವಿಷಯ, ಆದರೆ ಅದರಿಂದ ಏನೂ ಸಾಬೀತಾಗಲ್ಲ.

ಕುರಿಯನ್ ವಿಷಯವೂ ಹಾಗೇ. ಸಂವಿಧಾನ ಮುಗಿದ ವರ್ಷದಲ್ಲೇ, 1949ರ ಮೇ ತಿಂಗಳಲ್ಲಿ, ಒಲ್ಲದ ಮನಸ್ಸಿನಿಂದ ಸರ್ಕಾರಿ ಕೆಲಸಕ್ಕೆಂದು ಗುಜರಾತಿನ ಆಣಂದ್‌ಗೆ ಬಂದಿಳಿದ ಎಂಜಿನಿಯರ್ ಅವರು. ಅಲ್ಲಿ ಬೆಳೆದ ಸಹಕಾರ ಮಾದರಿಯಲ್ಲೇ ಮುಂದೆ ನಮ್ಮ ಹಾಲು ಒಕ್ಕೂಟಗಳೂ ನಿಂತವು. 2023ರ ಚುನಾವಣೆಗೆ ಮುಂಚೆ ನಂದಿನಿಯೋ ಅಮೂಲೋ ಅಂತ ಕಿತ್ತಾಡಿದ ನಾವು, ಎರಡರ ಬೇರೂ ಒಂದೇ ಅನ್ನೋದನ್ನು ಮರೆತಿದ್ದೆವು. ಸಹಕಾರ ಸಂಘ ಕಟ್ಟುವ ಹಕ್ಕು 97ನೇ ತಿದ್ದುಪಡಿಯ ಮೂಲಕ ಸಂವಿಧಾನದ 19ನೇ ವಿಧಿಗೆ ಸೇರಿದ್ದು 2012ರಲ್ಲಿ. ಕುರಿಯನ್ ತೀರಿಕೊಂಡದ್ದೂ ಅದೇ ವರ್ಷ. ಹೀಗೆ ಗಂಟು ಹಾಕುತ್ತಾ ಹೋದರೆ ಕೊನೆಯೇ ಇಲ್ಲ, ಇಲ್ಲಿಗೆ ನಿಲ್ಲಿಸ್ತೀನಿ.

ಈಗ 1949ಕ್ಕೆ ಬರೋಣ. ನವೆಂಬರ್ 26ನ್ನು ಯಾರೂ ಮುಹೂರ್ತ ನೋಡಿ ಆರಿಸಿದ್ದಲ್ಲ. ಹೆಚ್ಚುಕಮ್ಮಿ ಮೂರು ವರ್ಷ ನಡೆದ ಸಂವಿಧಾನ ರಚನಾ ಸಭೆಯ ಚರ್ಚೆ ಮುಗಿದು, ಕರಡು ಅಂಗೀಕಾರವಾದ ದಿನ ಅದು, ಅಷ್ಟೇ. ಆರಿಸಿದ್ದು ಜನವರಿ 26ನ್ನು. 1930ರ ಜನವರಿ 26ರಂದು ಕಾಂಗ್ರೆಸ್ ದೇಶದಾದ್ಯಂತ ಪೂರ್ಣ ಸ್ವರಾಜ್ಯ ದಿನ ಆಚರಿಸಿತ್ತು. ಆಮೇಲೆ ನಿಜವಾದ ಸ್ವಾತಂತ್ರ್ಯ ಬಂದದ್ದು ಆಗಸ್ಟ್ 15ಕ್ಕೆ. ಹಳೆಯ ದಿನ ಅನಾಥವಾಗಬಾರದು ಅಂತ ಗಣರಾಜ್ಯವನ್ನು ಅದಕ್ಕೆ ಕಟ್ಟಿದರು. ಅದಕ್ಕಾಗಿ ಎರಡು ತಿಂಗಳು ಕಾದರು.

ಹಾಗಂತ ಆ ಎರಡು ತಿಂಗಳು ಸಂವಿಧಾನ ಪೂರ್ತಿ ಮಲಗಿರಲಿಲ್ಲ. 394ನೇ ವಿಧಿ ತೆಗೆದು ನೋಡಿ. ತನ್ನನ್ನೂ ಸೇರಿಸಿ 16 ವಿಧಿಗಳು ನವೆಂಬರ್ 26ರಂದೇ ಜಾರಿಗೆ ಬರುತ್ತವೆ, ಉಳಿದವು ಜನವರಿ 26ಕ್ಕೆ ಅಂತ ಅದು ಹೇಳುತ್ತೆ. ಆ 16ರಲ್ಲಿ ಯಾವುವು ಇವೆ? ಪೌರತ್ವದ 5ರಿಂದ 9ರವರೆಗಿನ ವಿಧಿಗಳು, ಮತ್ತು ಚುನಾವಣಾ ಆಯೋಗದ 324ನೇ ವಿಧಿ. ಅಂದರೆ ಗಣರಾಜ್ಯ ಹುಟ್ಟುವುದಕ್ಕೂ ಮುಂಚೆ ಅದರ ಪ್ರಜೆ ಯಾರು ಅನ್ನೋದು, ಅವರ ವೋಟು ನೋಡಿಕೊಳ್ಳುವವರು ಯಾರು ಅನ್ನೋದು ತೀರ್ಮಾನ ಆಗಿತ್ತು. ಪೌರತ್ವ, ಮತದಾರರ ಪಟ್ಟಿ: ಇವತ್ತು ನಾವು ಜಗಳ ಆಡುತ್ತಿರುವುದೂ ಹೆಚ್ಚಾಗಿ ಇವೆರಡರ ಮೇಲೆಯೇ. ಅಂದಹಾಗೆ, ಈ ಸಂವಿಧಾನವೇ ಮೈಸೂರು ಸಂಸ್ಥಾನಕ್ಕೂ ಅನ್ವಯ ಅಂತ ಜಯಚಾಮರಾಜ ಒಡೆಯರ್ ಘೋಷಣೆ ಹೊರಡಿಸಿದ್ದು ಹಿಂದಿನ ದಿನ, ನವೆಂಬರ್ 25ರಂದು.

ಇಷ್ಟೆಲ್ಲ ಇದ್ದರೂ ದಶಕಗಳ ಕಾಲ ನವೆಂಬರ್ 26 ಜನರ ಮಟ್ಟಿಗೆ ಮಾಮೂಲಿ ದಿನವಾಗಿತ್ತು. 1979ರಿಂದ ವಕೀಲರು ಕಾನೂನು ದಿನ ಅಂತ ಆಚರಿಸುತ್ತಿದ್ದರು, ಅದು ಕೋರ್ಟ್ ಆವರಣ ದಾಟಲಿಲ್ಲ. 2008ರ ಆ ರಾತ್ರಿ ಹತ್ತು ಜನ ಬಂದೂಕುಧಾರಿಗಳು ಮುಂಬೈಗೆ ಇಳಿದು 166 ಜನರನ್ನು ಕೊಂದ ಮೇಲೆ ಈ ದಿನಕ್ಕೆ ಹೊಸ ಹೆಸರು ಬಂತು: 26/11. ಅಮೆರಿಕದ 9/11ರ ಅಚ್ಚಿನಲ್ಲಿ ಟಿವಿಯವರು ಎರಕ ಹೊಯ್ದ ಹೆಸರು, ತಿಂಗಳು ಮತ್ತು ದಿನದ ಜಾಗ ಮಾತ್ರ ಅದಲುಬದಲು. ಈಗ '26/11' ಅಂದರೆ ಸಂವಿಧಾನ ನೆನಪಾಗುವವರು ಯಾರೂ ಇಲ್ಲ.

ದಾಳಿಯ ದಿನ ಸಂವಿಧಾನದ ದಿನವೂ ಆಗಿದ್ದು ಆಕಸ್ಮಿಕ. ನಂತರ ನಡೆದದ್ದು ಆಕಸ್ಮಿಕ ಅಲ್ಲ. ಅದೇ ಡಿಸೆಂಬರ್‌ನಲ್ಲಿ ಸಂಸತ್ತು ಎನ್‌ಐಎ ಕಾಯ್ದೆಯ ಜೊತೆ ಯುಎಪಿಎ ತಿದ್ದುಪಡಿಯನ್ನೂ ಪಾಸು ಮಾಡಿತು. ಆರೋಪ ಮೇಲ್ನೋಟಕ್ಕೆ ನಿಜ ಅನ್ನಲು ಆಧಾರ ಇದೆ ಅಂತ ಕೋರ್ಟಿಗೆ ಅನಿಸಿದರೆ ಜಾಮೀನು ಕೊಡುವಂತಿಲ್ಲ ಅನ್ನುವ 43ಡಿ(5) ಸೆಕ್ಷನ್ ಬಂದದ್ದು ಆಗ. ಆಗ ಅಧಿಕಾರದಲ್ಲಿ ಇದ್ದದ್ದು ಯುಪಿಎ, ಇದನ್ನು ಗೆಳೆಯರಿಗೆ ಪದೇಪದೇ ನೆನಪಿಸಬೇಕಾಗುತ್ತೆ. ವಿಚಾರಣೆ ಮುಗಿಯದೆ ವರ್ಷಗಟ್ಟಲೆ ಜೈಲಿನಲ್ಲಿರುವ ಹೋರಾಟಗಾರರ, ವಿದ್ಯಾರ್ಥಿಗಳ ಸುದ್ದಿ ಓದುವಾಗ ಆ ಸೆಕ್ಷನ್ ಹುಟ್ಟಿದ ಹೊತ್ತನ್ನೂ ನೆನಪಿಟ್ಟುಕೊಳ್ಳಿ. ಹೆದರಿದ ದೇಶ ತಿಂಗಳೊಳಗೆ ಬರೆದ ಕಾನೂನು ಅದು.

2015ರಲ್ಲಿ, ಅಂಬೇಡ್ಕರ್ 125ನೇ ಜಯಂತಿ ವರ್ಷದ ನೆಪದಲ್ಲಿ, ಮೋದಿ ಸರ್ಕಾರ ಇದನ್ನು ಸಂವಿಧಾನ ದಿನ ಎಂದು ಘೋಷಿಸಿತು. ಒಳ್ಳೆಯದೇ ಆಯಿತು. ಆದರೆ ಸರ್ಕಾರ ಕೊಟ್ಟ ದಿನ ಸರ್ಕಾರದ ಕೈಯಲ್ಲೇ ಉಳಿಯಲ್ಲ. ಅದಕ್ಕೂ ಮುಂಚೆ 2012ರಲ್ಲಿ ಆಮ್ ಆದ್ಮಿ ಪಕ್ಷ ಇದೇ ದಿನ ಹುಟ್ಟಿತ್ತು. 2020ರಲ್ಲಿ ಮೂರು ಕೃಷಿ ಕಾನೂನುಗಳ ವಿರುದ್ಧ ರೈತರು 'ದಿಲ್ಲಿ ಚಲೋ' ಹೊರಟದ್ದೂ ನವೆಂಬರ್ 26ಕ್ಕೇ. ಕಾರ್ಮಿಕ ಸಂಘಟನೆಗಳ ರಾಷ್ಟ್ರೀಯ ಮುಷ್ಕರವೂ ಅವತ್ತೇ ಇತ್ತು. ಒಂದು ಕಡೆ ಕಚೇರಿಗಳಲ್ಲಿ ಪೀಠಿಕೆಯ ಓದು, ಇನ್ನೊಂದು ಕಡೆ ಪಂಜಾಬ್-ಹರಿಯಾಣ ಗಡಿಯಲ್ಲಿ ರೈತರ ಮೇಲೆ ಜಲಫಿರಂಗಿ. ತಾರೀಖು ಆರಿಸುವ ವಿದ್ಯೆ ಸರ್ಕಾರಕ್ಕೂ ಗೊತ್ತು. ಕಾನೂನುಗಳನ್ನು ವಾಪಸ್ ಪಡೆಯುತ್ತೇವೆ ಅಂತ ಪ್ರಧಾನಿ ಹೇಳಿದ್ದು 2021ರ ನವೆಂಬರ್ 19ರಂದು, ಗುರುನಾನಕ್ ಜಯಂತಿಯ ಬೆಳಗ್ಗೆ. ರೈತರ ಹೋರಾಟಕ್ಕೆ ವರ್ಷ ತುಂಬಲು ಆಗ ಉಳಿದಿದ್ದದ್ದು ಒಂದೇ ವಾರ.

ಇಲ್ಲಿ ನಮ್ಮ ಕಡೆಯವರಿಗೂ ಒಂದು ಕಸಿವಿಸಿ ಕಾದಿದೆ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್, ಸಂವಿಧಾನದ ದಾರಿಗಳು ತೆರೆದಿರುವಾಗ ಸತ್ಯಾಗ್ರಹ, ಅಸಹಕಾರಗಳನ್ನೂ ಕೈಬಿಡಬೇಕು ಅಂದಿದ್ದರು. ರೈತರ ಟೆಂಟುಗಳಲ್ಲಿ ಅವರದ್ದೇ ಫೋಟೊ ತೂಗಿತ್ತು. ಸರ್ಕಾರದ ಪರ ಇರುವವರು ಆ ಮಾತನ್ನು ಖುಷಿಯಿಂದ ಶೇರ್ ಮಾಡ್ತಾರೆ. ಅವರು ಶೇರ್ ಮಾಡದ ಭಾಗ ಅದೇ ಭಾಷಣದಲ್ಲಿ ಸ್ವಲ್ಪ ಮುಂದೆ ಇದೆ: ರಾಜಕೀಯದಲ್ಲಿ ಸಮಾನತೆ ಕೊಟ್ಟು ಬದುಕಿನಲ್ಲಿ ಅಸಮಾನತೆ ಉಳಿಸಿಕೊಂಡರೆ, ಅದರಿಂದ ನರಳುವವರೇ ಈ ಪ್ರಜಾಪ್ರಭುತ್ವದ ಕಟ್ಟಡವನ್ನು ಸ್ಫೋಟಿಸುತ್ತಾರೆ ಅನ್ನುವ ಎಚ್ಚರಿಕೆ. ನನಗೆ ಕಾಣುವಂತೆ ಮೊದಲ ಮಾತಿನ ತೂಕ ಇರುವುದು 'ದಾರಿಗಳು ತೆರೆದಿರುವಾಗ' ಅನ್ನುವ ಷರತ್ತಿನಲ್ಲಿ. ರಾಜ್ಯಸಭೆಯಲ್ಲಿ ಸದಸ್ಯರು ಮತ ವಿಭಜನೆ ಕೇಳಿದರೂ ಕೊಡದೆ, ಬರೀ ಧ್ವನಿಮತದಲ್ಲಿ ಕೃಷಿ ಮಸೂದೆಗಳನ್ನು ಪಾಸು ಮಾಡಿದ್ದು 2020ರ ಸೆಪ್ಟೆಂಬರ್ 20ರಂದು. ರೈತರು ಟ್ರ್ಯಾಕ್ಟರ್ ಹತ್ತಿದ್ದು ಅದಾದ ಎರಡು ತಿಂಗಳಿಗೆ.