ಹೊಟ್ಟೆ ಕೆಟ್ಟಾಗ ಅಜ್ಜಿಯ ಗಂಜಿ ಏನು ಮಾಡುತ್ತೆ?

ಮಕ್ಕಳೇ, ಬೇಸಿಗೆ ಬಂತು ಅಂದ್ರೆ ಟೊರಾಂಟೊ, ಮಿಸ್ಸಿಸಾಗ, ಬ್ರ್ಯಾಂಪ್ಟನ್ ಕಡೆಯ ಪಾರ್ಕುಗಳಲ್ಲಿ ನಮ್ಮವರ ಪಿಕ್‌ನಿಕ್ ಶುರು. ಪುಳಿಯೋಗರೆ, ಮೊಸರನ್ನ, ಕೋಸಂಬರಿ ಮೇಜಿನ ಮೇಲೆ ಸಾಲಾಗಿ ಕೂರುತ್ತವೆ. ನೀವು ಮೂರು ಗಂಟೆ ಕ್ರಿಕೆಟ್ ಆಡಿ ಬಂದು ಮತ್ತೆ ಅದೇ ಪಾತ್ರೆಗೆ ಕೈ ಹಾಕ್ತೀರಿ. ಆ ರಾತ್ರಿ ಯಾರಿಗಾದರೂ ವಾಂತಿ, ಭೇದಿ ಶುರುವಾದರೆ ಮನೆಯಲ್ಲಿ ಎರಡು ಮಾತು ಕೇಳಿಸುತ್ತೆ. ಒಬ್ಬರು "ಡಾಕ್ಟರ ಹತ್ರ ಹೋಗೋಣ" ಅಂತಾರೆ. ಇನ್ನೊಬ್ಬರು "ಏನೂ ಬೇಡ, ಜೀರಿಗೆ ಕಷಾಯ ಕುಡಿದು ಗಂಜಿ ಉಣ್ಣಲಿ" ಅಂತಾರೆ. ಯಾರ ಮಾತು ಸರಿ? ಇಬ್ಬರದೂ ಸರಿಯೇ. ಆದರೆ ಯಾವುದು ಯಾವಾಗ ಅಂತ ಗೊತ್ತಿರಬೇಕು.

ನಮಗೆಲ್ಲಿ ಹಾಗಾಗುತ್ತೆ ಅನ್ನಬೇಡಿ. ಸರ್ಕಾರದ ಅಂದಾಜಿನ ಪ್ರಕಾರ ಕೆನಡಾದಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಜನರಿಗೆ, ಅಂದರೆ ಎಂಟು ಜನರಲ್ಲಿ ಒಬ್ಬರಿಗೆ, ಕೆಟ್ಟ ಆಹಾರದಿಂದ ಕಾಯಿಲೆ ಬರುತ್ತದೆ. ಮಾಂಸ ತಿನ್ನದವರಿಗೂ ಇದು ತಪ್ಪಿದ್ದಲ್ಲ. 2024ರಲ್ಲಿ ನಮ್ಮ ಪಕ್ಕದ ಪಿಕರಿಂಗ್‌ನ ಕಾರ್ಖಾನೆಯೊಂದರಲ್ಲಿ ತಯಾರಾದ ಸಸ್ಯಜನ್ಯ ಹಾಲಿನಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸೇರಿ, ಮೂವರು ತೀರಿಕೊಂಡರು.

ದೇಹದಿಂದ ಹೋಗುವುದೇನು?

ವಾಂತಿ, ಭೇದಿ ಆದಾಗ ದೇಹದಿಂದ ನೀರು ಮಾತ್ರ ಹೋಗುವುದಿಲ್ಲ, ಅದರ ಜೊತೆ ಲವಣಗಳೂ ಹೋಗುತ್ತವೆ. ಎಷ್ಟೋ ಸಲ ಕ್ರಿಮಿಗಿಂತ ಹೆಚ್ಚು ಅಪಾಯ ಮಾಡುವುದು ಈ ನಷ್ಟವೇ. ದೇಹ ಚಿಕ್ಕದಾದಷ್ಟೂ ಬೇಗ ಒಣಗುತ್ತದೆ. "ನೀರು ಕುಡಿದರೆ ಭೇದಿ ಇನ್ನೂ ಜಾಸ್ತಿ ಆಗುತ್ತೆ, ಕೊಡಬೇಡ" ಅನ್ನುವ ಮಾತು ಈಗಲೂ ಕೆಲವು ಮನೆಗಳಲ್ಲಿದೆ. ಅದು ತಪ್ಪು.

ಹಾಗಂತ ಬರೀ ನೀರೂ ಸಾಲದು. ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಪುಟಾಣಿ ಬಾಗಿಲುಗಳಿವೆ ಅಂದುಕೊಳ್ಳಿ. ಉಪ್ಪಿನ ಕಣ ಮತ್ತು ಗ್ಲೂಕೋಸಿನ ಕಣ ಕೈ ಕೈ ಹಿಡಿದು ಬಂದರೆ ಆ ಬಾಗಿಲು ತೆರೆಯುತ್ತದೆ. ಅವೆರಡೂ ಒಳಗೆ ಹೋದರೆ ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಭೇದಿ ಆಗುತ್ತಿರುವಾಗಲೂ ಸಾಮಾನ್ಯವಾಗಿ ಈ ಬಾಗಿಲು ಕೆಲಸ ಮಾಡುತ್ತಲೇ ಇರುತ್ತದೆ.

ಇದರ ಬಲ ಜಗತ್ತಿಗೆ ತಿಳಿದದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ಎಂಬ ಊರಿಗೆ ಸಾವಿರಾರು ನಿರಾಶ್ರಿತರು ಬಂದರು. ಅವರಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಎಲ್ಲರಿಗೂ ಸಾಲುವಂತಿರಲಿಲ್ಲ. ಆಗ ಡಾ. ದಿಲೀಪ್ ಮಹಾಲನಬಿಸ್ ಅವರು ಗ್ಲೂಕೋಸ್, ಅಡುಗೆ ಉಪ್ಪು ಮತ್ತು ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು! ಇಂದು ಓಆರ್‌ಎಸ್ ಎಂದು ಸಿಗುವ ಪುಡಿ ಅದೇ ಉಪಾಯದ್ದು. ಭಾರತ ಸರ್ಕಾರ 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು.

ಈಗ ಅಜ್ಜಿಯ ಗಂಜಿಗೆ ಬರೋಣ. ಅನ್ನದ ಪಿಷ್ಟ ಹೊಟ್ಟೆಯಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ. ಅದಕ್ಕೆ ಚಿಟಿಕೆ ಉಪ್ಪು ಹಾಕಿದರೆ ಆ ಬಾಗಿಲಿಗೆ ಬೇಕಾದ ಜೋಡಿ ಸಿಕ್ಕಿತು! ಢಾಕಾದ ವಿಜ್ಞಾನಿಗಳು ಅಕ್ಕಿಯಿಂದಲೇ ಓಆರ್‌ಎಸ್ ತಯಾರಿಸಿ ಪರೀಕ್ಷೆ ಮಾಡಿದ್ದಾರೆ. ನಮ್ಮ ಕರಾವಳಿಯ ಕುಚಲಕ್ಕಿ ಗಂಜಿಯನ್ನು "ಕಾಯಿಲೆಯವರ ಊಟ" ಅಂತ ಮೂಗು ಮುರಿಯಬೇಡಿ.

ಮನೆಯಲ್ಲಿ ಏನು ಕೊಡಬಹುದು?

• ವಾಂತಿ ಆಗುತ್ತಿದ್ದರೆ ಒಂದೇ ಸಲ ಲೋಟ ತುಂಬ ಕುಡಿಸಬೇಡಿ. ಐದೈದು ನಿಮಿಷಕ್ಕೆ ಒಂದೊಂದು ಚಮಚ ಕೊಡಿ.

• ಮಕ್ಕಳಿಗೆ ಫಾರ್ಮಸಿಯಲ್ಲಿ ಸಿಗುವ ಓಆರ್‌ಎಸ್ ಉತ್ತಮ. ಮನೆಯಲ್ಲಿ ಬೆರೆಸುವಾಗ ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ದೊಡ್ಡವರಿಗೆ ತುರ್ತಿಗೆ ಬೇಕಾದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಅಳತೆಯ ಚಮಚದಲ್ಲೇ, ಮಟ್ಟವಾಗಿ ಸವರಿ ಅಳೆಯಿರಿ.

• ಎದೆಹಾಲು ಕುಡಿಯುವ ಕೂಸಿಗೆ ಎದೆಹಾಲು ನಿಲ್ಲಿಸಬೇಡಿ.

• ವಾಂತಿ ನಿಂತ ಮೇಲೆ ತೆಳು ಗಂಜಿ, ಮೆತ್ತಗಿನ ಅನ್ನ, ಬಾಳೆಹಣ್ಣು, ಉಪ್ಪು ಹಾಕಿದ ನೀರು ಮಜ್ಜಿಗೆ ಕೊಡಬಹುದು.

• ಜೀರಿಗೆ ನೀರು, ಶುಂಠಿ ಕಷಾಯ ಹೊಟ್ಟೆಗೆ ಹಿತ. ಶುಂಠಿಯಿಂದ ವಾಕರಿಕೆಯೂ ಸ್ವಲ್ಪ ಕಡಿಮೆಯಾಗಬಹುದು. ಆದರೆ ಅವು ಕ್ರಿಮಿಯನ್ನು ಕೊಲ್ಲುವ ಔಷಧಿಯಲ್ಲ.

• ಕೋಲಾ, ಸಿಹಿ ಜ್ಯೂಸ್ ಬೇಡ. ಸಕ್ಕರೆ ಅತಿಯಾದರೆ ಭೇದಿ ಹೆಚ್ಚುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಲೇಬೇಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮಕ್ಕಳಿಗೆ ಕೊಡಬೇಡಿ.

ಕಷಾಯ ಬಿಟ್ಟು ಹೊರಡುವುದು ಯಾವಾಗ?

ಮಲದಲ್ಲಿ ರಕ್ತ, ಹಸಿರು ವಾಂತಿ, ಇಳಿಯದ ಜ್ವರ, ಬಿಡದ ಹೊಟ್ಟೆನೋವು ಇದ್ದರೆ ಕಾಯಬೇಡಿ. ಬಾಯಿ ಒಣಗಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಆರೆಂಟು ಗಂಟೆ ಮೂತ್ರವೇ ಆಗದಿದ್ದರೆ, ಮಗು ಮಂಕಾಗಿ ಮಲಗಿದ್ದರೆ ಆಗಲೂ ವೈದ್ಯರ ಬಳಿ ಹೊರಡಿ. ಆರು ತಿಂಗಳೊಳಗಿನ ಕೂಸು, ಗರ್ಭಿಣಿ, ವಯಸ್ಸಾದವರ ವಿಷಯದಲ್ಲಂತೂ ಬೇಗನೆ ಕೇಳಿ. ಒಂಟಾರಿಯೊದಲ್ಲಿ 811ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ನರ್ಸ್ ಜೊತೆ ಮಾತಾಡಬಹುದು, ದುಡ್ಡಿಲ್ಲ. ಪ್ರಜ್ಞೆ ತಪ್ಪಿದರೆ, ಉಸಿರಾಟ ಕಷ್ಟವಾದರೆ ನೇರ 911.

ಪಾಲಕರಿಗೆ ಒಂದು ಮಾತು. ಊರಿಂದ ಬಂದಿರುವ ಅಪ್ಪ ಅಮ್ಮಂದಿರು "ಇಲ್ಲಿ ಆಸ್ಪತ್ರೆ ಅಂದ್ರೆ ಸಿಕ್ಕಾಪಟ್ಟೆ ಖರ್ಚು, ನಿಮಗ್ಯಾಕೆ ತೊಂದರೆ" ಅಂತ ನೋವನ್ನು ಮುಚ್ಚಿಡುತ್ತಾರೆ. ಅವರಲ್ಲಿ ಅನೇಕರಿಗೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳೂ ಇರುತ್ತವೆ. ಅಂಥವರು ಬರೀ ಗಂಜಿ ನಂಬಿ ಕೂರುವುದು ಸರಿಯಲ್ಲ. ಮಕ್ಕಳೇ, ಅಜ್ಜ ಅಜ್ಜಿ ಎಷ್ಟು ಸಲ ಬಾತ್‌ರೂಮಿಗೆ ಹೋದರು ಅಂತ ನಿಮಗೇ ಮೊದಲು ಗೊತ್ತಾಗುತ್ತೆ. ಸುಮ್ಮನಿರದೆ ಅಮ್ಮನಿಗೆ ಹೇಳಿ.

ಬರದ ಹಾಗೆ ನೋಡಿಕೊಳ್ಳುವುದು

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಅನ್ನ ಬೆಂದರೂ ಅದು ಸಾಯುವುದಿಲ್ಲ. ಅನ್ನವನ್ನು ಹೊರಗೇ ಬಿಟ್ಟರೆ ಅದು ಮೊಳೆತು, ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಂದರೆ ರಾತ್ರಿಯೆಲ್ಲ ಒಲೆಯ ಮೇಲೇ ಇದ್ದ ಅನ್ನಕ್ಕೆ ಬೆಳಿಗ್ಗೆ ಎಷ್ಟು ಘಮ್ಮೆನ್ನುವ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿದರೂ ವಿಷ ಅಲ್ಲೇ ಇರುತ್ತದೆ.

ಬ್ಯಾಕ್ಟೀರಿಯಾ ಬೇಗ ಬೆಳೆಯುವುದು 4 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಆದ್ದರಿಂದ ಉಳಿದ ಅನ್ನವನ್ನು ಅಗಲವಾದ ಡಬ್ಬಿಗೆ ಹರಡಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಪಿಕ್‌ನಿಕ್ಕಿಗೆ ಮೊಸರನ್ನವನ್ನು ಐಸ್ ಇರುವ ಕೂಲರಿನಲ್ಲೇ ಒಯ್ಯಿರಿ. ಸುಡು ಬಿಸಿಲಿನ ದಿನ ಎರಡು ಗಂಟೆಯೂ ಹೆಚ್ಚೇ, ಒಂದು ಗಂಟೆಗೇ ಒಳಗಿಡಿ. ಉಣ್ಣುವ ಮೊದಲು, ಬಡಿಸುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಹೊಟ್ಟೆ ಕೆಟ್ಟವರು ಆ ದಿನಗಳಲ್ಲಿ ಅಡುಗೆಗೆ ಕೈ ಹಾಕದಿರಲಿ.

ಈ ವಾರ ಒಂದು ಕೆಲಸ ಮಾಡ್ತೀರಾ? ಒಂದು ಚೀಟಿಯಲ್ಲಿ 811 ಅಂತ ದೊಡ್ಡದಾಗಿ ಬರೆದು, ಕೆಳಗೆ ಅಪಾಯದ ಲಕ್ಷಣಗಳನ್ನು ಕನ್ನಡದಲ್ಲೇ ಬರೆಯಿರಿ. ಅಜ್ಜಿಗೂ ಓದಲು ಬರುವ ಹಾಗೆ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.