ರಕ್ತದಲ್ಲಿ ಕೆಂಪುಕಣಗಳು ಮಿತಿಮೀರಿದಾಗ

ರಕ್ತಹೀನತೆಯ ಕೇಡನ್ನು ಕುರಿತು ಜನರಲ್ಲಿ ಸಾಕಷ್ಟು ತಿಳಿವಳಿಕೆ ಮೂಡಿದೆ. ಆದರೆ ಕೆಂಪುಕಣಗಳು ಅಳತೆಮೀರಿ ಹೆಚ್ಚುವುದೂ ಒಂದು ಕೇಡೆಂಬುದನ್ನು ಅರಿತವರು ವಿರಳ. ಮುಖ ಕೆಂಪೇರಿದ್ದರೆ ಅದನ್ನು ಪುಷ್ಟಿಯ ಲಕ್ಷಣವೆಂದೇ ಭಾವಿಸುವುದು ರೂಢಿ.

ಆರೋಗ್ಯವಂತ ಪುರುಷನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪುಕಣಗಳಿರುತ್ತವೆ. ಸ್ತ್ರೀಯರಲ್ಲಿ ಕೊಂಚ ಕಡಿಮೆ. ಕಣದ ಆಯುಸ್ಸು ಸುಮಾರು 120 ದಿನ. ಅಳಿದವುಗಳ ಸ್ಥಾನವನ್ನು ಎಲುಬಿನ ಮಜ್ಜೆಯು ತುಂಬುತ್ತದೆಯಾದರೂ, ಎಷ್ಟು ಕಣಗಳು ಬೇಕೆಂದು ಗೊತ್ತುಪಡಿಸುವುದು ಮೂತ್ರಪಿಂಡ. ತನಗೊದಗುವ ಆಮ್ಲಜನಕ ಸಾಲದೆಂದು ಕಂಡೊಡನೆ ಅದು ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸಿ ಮಜ್ಜೆಯನ್ನು ಪ್ರಚೋದಿಸುತ್ತದೆ.

1890ರಲ್ಲಿ ಫ್ರಾನ್ಸಿನ ವಿಯೋ ಎಂಬ ವಿಜ್ಞಾನಿ ಪೆರು ದೇಶದ ಮೊರೊಕೊಚಾಕ್ಕೆ ಹೋದನು. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಗಣಿ ಊರು ಅದು. ಮೂರು ವಾರಗಳಷ್ಟರಲ್ಲಿ ಆತನ ರಕ್ತದ ಎಣಿಕೆ 50 ಲಕ್ಷದಿಂದ 80 ಲಕ್ಷದ ಹತ್ತಿರಕ್ಕೆ ಏರಿತ್ತು. ಈ ಏರಿಕೆಯೆಲ್ಲ ಹೊಸ ಕಣಗಳದ್ದೇ ಎಂದು ತಿಳಿಯಲಾಗದು; ಎತ್ತರದಲ್ಲಿ ರಕ್ತದ ದ್ರವಭಾಗವೂ ಕುಗ್ಗುತ್ತದೆ. ಹೊಂದಾಣಿಕೆಯಾಗಿ ಮೊದಲಾದದ್ದು ರೋಗವಾಗಿಯೂ ಪರಿಣಮಿಸಬಹುದು. ಎತ್ತರದಲ್ಲೇ ಬಾಳುವ ಕೆಲವರಲ್ಲಿ ರಕ್ತ ದಟ್ಟವಾಗಿ ತಲೆನೋವು, ಏದುಸಿರು, ನಿದ್ರಾಭಂಗಗಳು ಕಾಡುವುದನ್ನು ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ 1925ರಲ್ಲಿ ವಿವರಿಸಿದನು. ಟಿಬೆಟಿನವರ ಸಂಗತಿಯಾದರೋ ಬೇರೆ. ಅಷ್ಟೇ ಎತ್ತರದಲ್ಲಿದ್ದರೂ ಅವರ ಕಣಗಳು ಅಷ್ಟಾಗಿ ಏರುವುದಿಲ್ಲ. ಇದಕ್ಕೆ ಸಂಬಂಧಿಸಿದ ಜೀನನ್ನು 2010ರಲ್ಲಿ ಗುರುತಿಸಲಾಯಿತು. ಹೆಚ್ಚು ಕಣಗಳೇ ಹೆಚ್ಚು ಶಕ್ತಿಯೆಂಬ ಎಣಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಬಯಲುಸೀಮೆಯಲ್ಲಿರುವವರಿಗೂ ಇದು ತಪ್ಪಿದ್ದಲ್ಲ. ಧೂಮಪಾನ, ದೀರ್ಘಕಾಲದ ಶ್ವಾಸಕೋಶದ ರೋಗ, ಹುಟ್ಟಿನಿಂದ ಬಂದ ಕೆಲವು ಹೃದಯದೋಷಗಳು ಇವೇ ಸಾಮಾನ್ಯ ಕಾರಣಗಳು. ವಾಂತಿಭೇದಿಯಿಂದ ನೀರಿನಂಶ ಕಳೆದಾಗಲೂ ಎಣಿಕೆ ಹೆಚ್ಚಾಗಿ ತೋರುವುದುಂಟು. ಅದು ತೋರಿಕೆ ಮಾತ್ರ. ನೀರು ತುಂಬಿದೊಡನೆ ಎಣಿಕೆ ಇಳಿಯುತ್ತದೆ.

ಇವೆಲ್ಲಕ್ಕಿಂತ ಭಿನ್ನವಾದುದು ಪಾಲಿಸೈಥೀಮಿಯಾ ವೀರಾ. ಇದನ್ನು 1892ರಲ್ಲಿ ಫ್ರಾನ್ಸಿನ ವಾಕೆಜ್ ಎಂಬ ವೈದ್ಯನು ವರ್ಣಿಸಿದನು. ಇಲ್ಲಿ ಮಜ್ಜೆಯು ಯಾರ ಅಪ್ಪಣೆಗೂ ಕಾಯದೆ ಕಣಗಳನ್ನು ಹೆರುತ್ತದೆ. ಆದುದರಿಂದಲೇ ರೋಗಿಯ ರಕ್ತದಲ್ಲಿ ಎರಿಥ್ರೋಪೊಯೆಟಿನ್ ಸಾಮಾನ್ಯವಾಗಿ ತಗ್ಗಿರುತ್ತದೆ. ಬಹುಪಾಲು ರೋಗಿಗಳಲ್ಲಿ ಜ್ಯಾಕ್-2 ಎಂಬ ಜೀನಿನ ಮಾರ್ಪಾಟು ಇರುವುದು 2005ರಲ್ಲಿ ತಿಳಿದುಬಂದಿತು. ಬಿಸಿನೀರಿನ ಸ್ನಾನವಾದ ಮೇಲೆ ಮೈಯೆಲ್ಲ ತುರಿಸುವುದು ಇದರ ವಿಚಿತ್ರ ಲಕ್ಷಣ. ಅಪಾಯವಿರುವುದು ತುರಿಕೆಯಲ್ಲಲ್ಲ. ಮಂದವಾದ ರಕ್ತವು ನಾಳಗಳಲ್ಲಿ ಹೆಪ್ಪುಗಟ್ಟಿದರೆ ಪಾರ್ಶ್ವವಾಯು ಇಲ್ಲವೆ ಹೃದಯಾಘಾತ ಒದಗಬಹುದು.

ಚಿಕಿತ್ಸೆಯಾದರೋ ಅತಿ ಪ್ರಾಚೀನವಾದ ರಕ್ತವಿಮೋಚನೆಯೇ. ರಕ್ತದಲ್ಲಿ ಕಣಗಳ ಪಾಲು ನೂರಕ್ಕೆ 45ಕ್ಕಿಂತ ಕೆಳಗಿರುವಂತೆ ಆಗಾಗ ರಕ್ತ ತೆಗೆಯುತ್ತಾರೆ. ಅಲ್ಪಪ್ರಮಾಣದ ಆಸ್ಪಿರಿನ್ ಕೊಡುವುದೂ ಉಂಟು. ತೆಗೆದ ರಕ್ತದೊಡನೆ ಕಬ್ಬಿಣಾಂಶವೂ ಹೊರಹೋಗುವುದರಿಂದ ಹೊಸ ಕಣಗಳ ಉತ್ಪತ್ತಿ ತಾನಾಗಿ ತಗ್ಗುತ್ತದೆ. ಇಂತಹ ರೋಗಿಯು ಆಯಾಸವೆಂದು ವೈದ್ಯರನ್ನು ಕೇಳದೆ ಕಬ್ಬಿಣದ ಟಾನಿಕ್ ಸೇವಿಸಿದರೆ ಇಳಿದ ಎಣಿಕೆ ಮತ್ತೆ ಏರತೊಡಗುತ್ತದೆ.